ಮಕ್ಕಳಾದ ಮೇಲೆ ಮತ್ತೆ ಸ್ಕೀಯಿಂಗ್: ಕಾಲಿಗೆ ಸರಿಯಾದ ಬೂಟ್ ಆರಿಸೋದು ಹೇಗೆ?

ಫ್ರೀಮಾಂಟ್‌ಗೌರಿ

ಎಲ್ಲರಿಗೂ ನಮಸ್ಕಾರ. ಸ್ಕೀ ಬೂಟ್ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಓದುವಾಗ ಕೊಲೊರಾಡೋದ ಬೋಲ್ಡರ್‌ನಲ್ಲಿದ್ದೆ. ಅಲ್ಲಿಂದ ಬಸ್ ಹತ್ತಿ ಎಲ್ಡೋರಾ ಸ್ಕೀ ತಾಣಕ್ಕೆ ಹೋಗಿ ಸ್ಕೀ ಕಲಿತೆ. ನೀಲಿ ಗುರುತಿನ, ಅಂದರೆ ಮಧ್ಯಮ ಮಟ್ಟದ ಇಳಿಜಾರುಗಳಲ್ಲಿ ಆರಾಮಾಗಿ ಇಳಿಯುತ್ತಿದ್ದೆ. ಹಿಮ ಚೆನ್ನಾಗಿದ್ದರೆ ಕಪ್ಪು ಗುರುತಿನ ಕಷ್ಟದ ಇಳಿಜಾರಿಗೂ ಹೋಗುತ್ತಿದ್ದೆ. ಆಮೇಲೆ ಕೆಲಸ, ಮದುವೆ, ಇಬ್ಬರು ಮಕ್ಕಳು. ಸ್ಕೀಯಿಂಗ್ ನಿಂತೇ ಹೋಯಿತು. ಈಗ ದೊಡ್ಡವಳು ಕ್ಯಾಲಿಫೋರ್ನಿಯಾದ ಟಾಹೋ ಬೆಟ್ಟಗಳಲ್ಲಿ ಕಲಿಯುತ್ತಿದ್ದಾಳೆ. ಅವಳನ್ನು ಕ್ಲಾಸಿಗೆ ಬಿಟ್ಟು ಕೆಳಗೆ ಕಾಫಿ ಕುಡಿಯುತ್ತಾ ಕೂರೋದು ನನಗೆ ಸಾಕಾಗಿದೆ. ಈ ಸಲ ನಾನೂ ಇಳಿಯಬೇಕು ಅಂತ ತೀರ್ಮಾನ ಮಾಡಿದ್ದೇನೆ.

ಮನೆ ಹತ್ತಿರದ ಒಂದು ಅಂಗಡಿಗೆ ಹೋಗಿದ್ದೆ. ಶೂ ಸೈಜ್ ಎಷ್ಟು ಅಂತ ಕೇಳಿದರು. ಅಮೆರಿಕದ 8 ಅಂದೆ. ಒಳಗಿಂದ 25.5ರ ಬೂಟ್ ತಂದುಕೊಟ್ಟರು. ಹಾಕಿಕೊಂಡರೆ ಎಲ್ಲೂ ಒತ್ತಲಿಲ್ಲ, ಬೆರಳು ಆಡಿಸಲು ಜಾಗವೂ ಇತ್ತು. ಚೆನ್ನಾಗಿದೆ ಅನ್ನಿಸಿತು. ಆದರೆ ಗೆಳತಿಯೊಬ್ಬಳು, "ಅಷ್ಟು ಆರಾಮಾಗಿದ್ದರೆ ಅದು ದೊಡ್ಡದೇ, ತಗೋಬೇಡ" ಅಂದಳು. ಹಾಗಾಗಿ ಇನ್ನೂ ತಗೊಂಡಿಲ್ಲ.

ಗ್ಯಾರೇಜಿನಲ್ಲಿ 2009ರಲ್ಲಿ ಕೊಂಡ ಹಳೇ ಬೂಟ್ ಇದೆ, 23.5. ಈಗ ಅದರೊಳಗೆ ಕಾಲು ಹೋಗುವುದೇ ಕಷ್ಟ. ನನ್ನ ಪ್ರಶ್ನೆ ಇಷ್ಟು. ನನ್ನ ಕಾಲು ನಿಜವಾಗಲೂ ದೊಡ್ಡದಾಗಿದೆಯಾ? ಹಳೇ ಬೂಟಿಗೆ ಹೊಸ ಲೈನರ್ (ಒಳಗಿನ ಮೆತ್ತನೆ ಪದರ) ಹಾಕಿಸಿದರೆ ನಡೆಯುತ್ತಾ? ಹೊಸದೇ ಆದರೆ ಫ್ಲೆಕ್ಸ್, ಅಗಲ ಅಂತೆಲ್ಲ ಬರೆದಿರುವ ನಂಬರ್‌ಗಳಲ್ಲಿ ಯಾವುದನ್ನು ನೋಡಬೇಕು?

ಟ್ರಕೀಬೂಟು

ಗೌರಿ ಅವರೇ, ನಿಮ್ಮ ಗೆಳತಿ ಹೇಳಿದ್ದು ಸರಿ. ನಾನು ವಾರಾಂತ್ಯಗಳಲ್ಲಿ ಟಾಹೋ ಹತ್ತಿರದ ಟ್ರಕೀ ಕಡೆ ಬೂಟ್ ಫಿಟ್ಟಿಂಗ್ ಕೆಲಸ ಮಾಡುತ್ತಿದ್ದೆ. ಬಹಳ ವರ್ಷ ಬಿಟ್ಟು ಮತ್ತೆ ಸ್ಕೀಗೆ ಬರುವ ಹೆಂಗಸರಲ್ಲಿ ಹೆಚ್ಚಿನವರ ಕಾಲಲ್ಲಿ ಒಂದು ಸೈಜೋ ಎರಡು ಸೈಜೋ ದೊಡ್ಡ ಬೂಟ್ ಇರುತ್ತಿತ್ತು. ಅಂಗಡಿಯಲ್ಲಿ ನಿಂತಾಗ ಆರಾಮಾಗಿರುವ ಬೂಟ್ ಹಿಮದ ಮೇಲೆ ಕಾಲನ್ನು ಹಿಡಿಯುವುದಿಲ್ಲ.

ಮೊದಲು ಶೂ ಸೈಜ್ ಮರೆತುಬಿಡಿ. ಸ್ಕೀ ಬೂಟಿನ ಅಳತೆಗೆ ಮೋಂಡೋಪಾಯಿಂಟ್ ಅನ್ನುತ್ತಾರೆ. ಅದು ನಿಮ್ಮ ಪಾದದ ಉದ್ದ, ಸೆಂಟಿಮೀಟರ್‌ನಲ್ಲಿ, ಅಷ್ಟೇ. ಮನೆಯಲ್ಲೇ ಅಳೆಯಬಹುದು. ಸಂಜೆ ಹೊತ್ತು ಅಳೆಯಿರಿ, ಆಗ ಪಾದ ಸ್ವಲ್ಪ ಊದಿರುತ್ತದೆ. ನೆಲದ ಮೇಲೆ ಹಾಳೆ ಇಟ್ಟು, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಅತಿ ಉದ್ದದ ಬೆರಳಿನ ತುದಿಗೆ ಇನ್ನೊಬ್ಬರ ಕೈಯಲ್ಲಿ ಗುರುತು ಹಾಕಿಸಿ. ನೀವೇ ಬಗ್ಗಿದರೆ ಭಾರ ಆಚೀಚೆ ಆಗಿ ಅಳತೆ ಕೆಡುತ್ತದೆ. ಎರಡೂ ಕಾಲು ಅಳೆಯಿರಿ. ಅರ್ಧ ಸೆಂಟಿಮೀಟರ್‌ವರೆಗೂ ವ್ಯತ್ಯಾಸ ಇರುವವರು ಇದ್ದಾರೆ.

ಇನ್ನೊಂದು ವಿಷಯ, ಹೆಚ್ಚಿನ ಕಂಪನಿಗಳಲ್ಲಿ 24 ಮತ್ತು 24.5ಕ್ಕೆ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಒಂದೇ. ಅರ್ಧ ಸೈಜಿನ ವ್ಯತ್ಯಾಸ ಒಳಗಿನ ಲೈನರ್‌ನಲ್ಲೋ ಇನ್‌ಸೋಲ್‌ನಲ್ಲೋ ಇರುತ್ತದೆ. ಹಾಗಾಗಿ 24.5 ಬಿಗಿ ಅಂತ 25ಕ್ಕೆ ಹೋದರೆ ಅರ್ಧ ಸೈಜ್ ಅಲ್ಲ, ಒಂದು ಇಡೀ ಚಿಪ್ಪೇ ದೊಡ್ಡದಾಗುತ್ತದೆ.

ಅಂಗಡಿಯಲ್ಲಿ ಯಾರು ಏನೇ ಹೇಳಲಿ, ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಲೈನರ್ ಹೊರಗೆ ತೆಗೆಸಿ. ಖಾಲಿ ಚಿಪ್ಪಿನೊಳಗೆ ಕಾಲಿಡಿ, ತೆಳು ಸಾಕ್ಸ್ ಇದ್ದರೂ ಸರಿ. ಬೆರಳುಗಳು ಮುಂದಿನ ಗೋಡೆಗೆ ಹಗುರಾಗಿ ತಾಗುವ ತನಕ ಪಾದವನ್ನು ಮುಂದೆ ಜಾರಿಸಿ, ಮೊಣಕಾಲು ಸ್ವಲ್ಪ ಮಡಚಿ. ಈಗ ಹಿಮ್ಮಡಿ ಹಿಂದೆ ಎಷ್ಟು ಜಾಗ ಉಳಿದಿದೆ ಅಂತ ಫಿಟ್ಟರ್ ಕೈಬೆರಳು ಹಾಕಿ ನೋಡುತ್ತಾರೆ. ಸುಮಾರು 2 ಸೆಂಟಿಮೀಟರ್, ಅಂದರೆ ಎರಡು ಬೆರಳು ಹಿಡಿದರೆ ಮತ್ತೆ ಶುರು ಮಾಡುವವರಿಗೆ ಸರಿ. ಒಂದೂವರೆ ಇದ್ದರೆ ಇನ್ನೂ ನಿಖರವಾದ ಫಿಟ್. ಮೂರು ಬೆರಳು ಸಲೀಸಾಗಿ ಹೋದರೆ ಆ ಬೂಟ್ ವಾಪಸ್ ಕೊಡಿ. ಅದಕ್ಕೆ ಎಂಥ ಲೈನರ್ ಹಾಕಿದರೂ ಪ್ರಯೋಜನ ಇಲ್ಲ.

ಆಮೇಲೆ ಲೈನರ್ ಸಮೇತ ಹಾಕಿಕೊಳ್ಳಿ. ನೇರ ನಿಂತಾಗ ಬೆರಳು ಮುಂದೆ ತಾಗಬೇಕು. ಮೊಣಕಾಲು ಬಗ್ಗಿಸಿ ಕಣಕಾಲನ್ನು ಮುಂದಕ್ಕೆ ಒತ್ತಿದಾಗ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ಬಿಡುವಾಗಬೇಕು. ಹೊಸ ಬೂಟ್ ಅಂಗಡಿಯಲ್ಲಿ ಬಿಗಿ ಅನ್ನಿಸಲೇಬೇಕು. ಕೆಲವು ದಿನ ಸ್ಕೀ ಮಾಡಿದ ಮೇಲೆ ಲೈನರ್‌ನ ಫೋಮ್ ಅಮುಕಿಕೊಂಡು ಒಳಗೆ ಜಾಗ ಆಗುತ್ತದೆ. ಜಾತ್ರೆಯಲ್ಲಿ ಬಳೆಗಾರ ಕೈ ಅಮುಕಿ ಅಮುಕಿ ಬಳೆ ಏರಿಸುತ್ತಾನಲ್ಲ, ಸಲೀಸಾಗಿ ಏರಿದ ಬಳೆಯನ್ನು ತಾನೇ ಪಕ್ಕಕ್ಕಿಟ್ಟು ಚಿಕ್ಕದನ್ನು ತೆಗೆಯುತ್ತಾನೆ. ಒಳ್ಳೆ ಫಿಟ್ಟರ್ ಕೂಡ ಹಾಗೇ.

ಪಾದಪಾಲಕಿ

ನಾನು ಫಿಸಿಯೋಥೆರಪಿಸ್ಟ್, ಸ್ಕೀಯನ್ನೂ ಮಾಡುತ್ತೇನೆ. ಗೌರಿ ಅವರ ಮೊದಲನೇ ಪ್ರಶ್ನೆಗೆ ಉತ್ತರ: ಹೌದು, ಪಾದ ಬದಲಾಗಿರಬಹುದು. ಗರ್ಭಿಣಿಯಾಗಿದ್ದಾಗ ರಿಲ್ಯಾಕ್ಸಿನ್ ಅನ್ನೋ ಹಾರ್ಮೋನ್ ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳನ್ನು ಸಡಿಲ ಮಾಡುತ್ತದೆ. ಮೈತೂಕವೂ ಏರಿರುತ್ತದೆ. ಪಾದದ ಕಮಾನು ಸ್ವಲ್ಪ ಕೆಳಗಿಳಿದರೆ ಪಾದ ಉದ್ದಕ್ಕೂ ಅಗಲಕ್ಕೂ ಕೆಲವು ಮಿಲಿಮೀಟರ್ ಬೆಳೆಯುತ್ತದೆ. ಹೆರಿಗೆ ಆದ ಮೇಲೂ ಅದು ಹಾಗೇ ಉಳಿಯಬಹುದು. ಎಷ್ಟೋ ಜನ ಬರೀ ಊತ ಅಂದುಕೊಂಡು ಸುಮ್ಮನಾಗುತ್ತಾರೆ.

ಇದರಲ್ಲಿ ಗಮನಿಸಬೇಕಾದ್ದು ಏನಂದರೆ, ಕಮಾನು ಇಳಿದು ಉದ್ದವಾದ ಪಾದಕ್ಕೆ ದೊಡ್ಡ ಬೂಟ್ ಕೊಡುವುದು ಪರಿಹಾರ ಅಲ್ಲ. ಕೆಳಗೆ ಆಧಾರ ಕೊಡಬೇಕು. ಬೂಟಿನ ಜೊತೆ ಬರುವ ಇನ್‌ಸೋಲ್ ಸಾಮಾನ್ಯವಾಗಿ ತೆಳ್ಳನೆಯ ಸ್ಪಂಜು. ಅದರ ಜಾಗಕ್ಕೆ ನಿಮ್ಮ ಅಂಗಾಲಿಗೆ ಅಚ್ಚು ತೆಗೆದು ಮಾಡಿದ ಇನ್‌ಸೋಲ್ ಹಾಕಿಸಿದರೆ ಪಾದ ಚಪ್ಪಟೆಯಾಗಿ ಹರಡಿಕೊಳ್ಳುವುದಿಲ್ಲ. ಒಳಗಡೆ ಕಾಲ್ಗಂಟು ಚಿಪ್ಪಿಗೆ ಒತ್ತುವುದೂ ಕಡಿಮೆಯಾಗುತ್ತದೆ. ಅಗಲ ಸಾಲದು ಅಂತ ಬಂದವರಿಗೆ ಇನ್‌ಸೋಲ್ ಹಾಕಿದ ಮೇಲೆ ಅದೇ ಬೂಟ್ ಸರಿಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಬಜೆಟ್ ಬಿಗಿ ಇದ್ದರೆ ಬೂಟಿನ ದರ್ಜೆಯನ್ನು ಸ್ವಲ್ಪ ಇಳಿಸಿಯಾದರೂ ಇದಕ್ಕೆ ದುಡ್ಡು ಉಳಿಸಿಕೊಳ್ಳಿ.

ಕಾಲ್ಗಂಟು ಎಷ್ಟು ಬಾಗುತ್ತದೆ ಅಂತಾನೂ ನೋಡಿಕೊಳ್ಳಿ. ಬರಿಗಾಲಲ್ಲಿ, ಹಿಮ್ಮಡಿ ಎತ್ತದೆ, ಮೊಣಕಾಲನ್ನು ಬೆರಳಿಗಿಂತ ಮುಂದೆ ತರಲು ಆಗುತ್ತಾ? ಕೂತು ಕೆಲಸ ಮಾಡುವವರಿಗೂ ಹೀಲ್ಸ್ ಹಾಕಿ ಅಭ್ಯಾಸ ಇರುವವರಿಗೂ ಮೀನಖಂಡ ಬಿಗಿಯಾಗಿರುತ್ತದೆ. ಅಂಥವರು ಬೂಟಿನಲ್ಲಿ ಹಿಂದಕ್ಕೆ ವಾಲಿ ನಿಲ್ಲುತ್ತಾರೆ, ತೊಡೆ ಬೇಗ ಸೋಲುತ್ತದೆ. ಹಿಮ್ಮಡಿ ಕೆಳಗೆ ಕೆಲವು ಮಿಲಿಮೀಟರ್‌ನ ಎತ್ತರಿಸುವ ತುಂಡು ಇಟ್ಟರೆ ದೊಡ್ಡ ವ್ಯತ್ಯಾಸ ಆಗುತ್ತದೆ.

ಜಯನಗರದವಳು

ಅಕ್ಕಾ, ನಾನು ಬೆಂಗಳೂರಿನಿಂದ. ಜನವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗಿ ಅಲ್ಲೇ ಕೋರ್ಸ್ ಮಾಡಬೇಕು ಅಂತಿದ್ದೇನೆ. ಬೂಟ್ ಬಾಡಿಗೆಗೇ ತಗೋಬೇಕು. ಮೇಲೆ ಹೇಳಿದ್ದೆಲ್ಲ ಬಾಡಿಗೆ ಬೂಟಿಗೂ ಆಗುತ್ತಾ? ಅಲ್ಲಿ ಇನ್‌ಸೋಲ್, ಅಚ್ಚು ಅಂತ ಕೇಳಿದರೆ ಯಾರು ಕೊಡುತ್ತಾರೆ?

ಟ್ರಕೀಬೂಟು

ಜಯನಗರದವಳು, ಅಳತೆ ಮತ್ತು ಚಿಪ್ಪಿನ ಪರೀಕ್ಷೆ ಎರಡೂ ಆಗುತ್ತದೆ. ಬಾಡಿಗೆ ಬೂಟ್‌ಗಳನ್ನು ಯಾರ ಕಾಲಿಗಾದರೂ ಹೋಗಲಿ ಅಂತ ಅಗಲವಾಗಿ, ಮೆತ್ತಗೆ ಮಾಡಿರುತ್ತಾರೆ. ಲೈನರ್ ಆಗಲೇ ನೂರಾರು ಕಾಲು ಕಂಡು ಚಪ್ಪಟೆಯಾಗಿರುತ್ತದೆ. ಹಾಗಾಗಿ ನಿಮ್ಮ ಮೋಂಡೋ ಅಳತೆ 24.2 ಇದ್ದರೆ 24.5 ಕೇಳಿ. ಅವರು 25.5 ಕೈಗಿಟ್ಟರೆ ಬೇಡ ಅನ್ನಿ. ಲೈನರ್ ಒದ್ದೆ ಇದೆಯಾ ಅಂತ ಒಳಗೆ ಕೈ ಹಾಕಿ ನೋಡಿ. ಬಕಲ್‌ಗಳು ಎಲ್ಲಾ ಕೂರುತ್ತವಾ ಅಂತ ಒಂದೊಂದೇ ಹಾಕಿ ತೆಗೆದು ನೋಡಿ. ಮೊದಲ ದಿನದ ಹಿಂದಿನ ಸಂಜೆಯೇ ಹೋಗಿ ತಗೊಳ್ಳಿ. ಬೆಳಗ್ಗೆ ನೂಕುನುಗ್ಗಲಿನಲ್ಲಿ ಯಾರಿಗೂ ನಿಮ್ಮ ಕಾಲು ನೋಡಲು ಪುರುಸೊತ್ತು ಇರುವುದಿಲ್ಲ.

ಮ್ಯೂನಿಕ್‌ಮಾವ

ಗೌರಿ ಅವರ ಎರಡನೇ ಪ್ರಶ್ನೆಗೆ ಬರುತ್ತೇನೆ. 2009ರ ಬೂಟ್ ಬೇಡಮ್ಮಾ. ದಯವಿಟ್ಟು ಅದನ್ನು ಹಾಕಿಕೊಂಡು ಬೆಟ್ಟದ ಮೇಲೆ ಒಯ್ಯುವ ಲಿಫ್ಟ್ ಹತ್ತಬೇಡಿ.

ಬಹಳಷ್ಟು ಬೂಟ್‌ಗಳ ಚಿಪ್ಪು ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್. ಉಪಯೋಗಿಸದೆ ಇಟ್ಟರೂ ಗಾಳಿಯಲ್ಲಿನ ತೇವ ಅದನ್ನು ನಿಧಾನವಾಗಿ ಒಳಗಿಂದಲೇ ಕೆಡಿಸುತ್ತದೆ. ಹೊರಗೆ ನೋಡಲು ಹೊಸದರ ಹಾಗೇ ಹೊಳೆಯುತ್ತಿರುತ್ತದೆ. ಚಳಿಯಲ್ಲಿ, ಸ್ಕೀ ಮೇಲೆ ಬೂಟನ್ನು ಹಿಡಿಯುವ ಬೈಂಡಿಂಗ್‌ಗೆ ಹಾಕಿ ಒತ್ತಿದಾಗ ಬಿರುಕು ಬಿಡುತ್ತದೆ, ಕೆಲವು ಸಲ ತುಂಡು ತುಂಡಾಗಿ ಉದುರುತ್ತದೆ. ನಮ್ಮ ಕಡೆ ಗಾರ್ಮಿಶ್‌ನಲ್ಲಿ ಲಿಫ್ಟ್ ಕೆಳಗೆ ಹೀಗೆ ಚೂರಾದ ಹಳೇ ಬೂಟ್ ಬಿದ್ದಿರುವುದನ್ನು ನೋಡಿದ್ದೇನೆ. ಹಿಮ್ಮಡಿಯ ಭಾಗ ಸ್ಕೀಗೆ ಅಂಟಿಕೊಂಡೇ ಇತ್ತು, ಮೇಲಿನದು ಬೇರೆ ಆಗಿತ್ತು. ಇಳಿಜಾರಿನ ಮಧ್ಯೆ ವೇಗದಲ್ಲಿ ಹಾಗಾದರೆ ಏನು ಗತಿ? ಹತ್ತು ವರ್ಷ ದಾಟಿದ ಬೂಟನ್ನು ನಾನು ಯಾರಿಗೂ ಹಾಕಿಕೊಳ್ಳಿ ಅನ್ನುವುದಿಲ್ಲ. ಅದರ ಮೇಲೆ ಹೊಸ ಲೈನರ್‌ಗೆ ಖರ್ಚು ಮಾಡುವುದಂತೂ ವ್ಯರ್ಥ.

ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಬೂಟ್ ನೋಡುವವರೂ ಮೊದಲು ವರ್ಷ ಕೇಳಿ. ಎರಡು ಮೂರು ವರ್ಷದ್ದು, ಕಡಿಮೆ ಬಳಸಿದ್ದು ಸಿಕ್ಕರೆ ತಪ್ಪೇನಿಲ್ಲ. ಆದರೆ ಇನ್ನೊಬ್ಬರ ಪಾದದ ಆಕಾರಕ್ಕೆ ಬಿಸಿ ಮಾಡಿ ಉಬ್ಬಿಸಿದ ಚಿಪ್ಪಾಗಿದ್ದರೆ ನಿಮ್ಮ ಕಾಲಿಗೆ ಅಲ್ಲಿ ಟೊಳ್ಳು ಉಳಿಯುತ್ತದೆ.

ಕಾಸ್ಕೇಡ್‌ಕೊಡವತಿ

ನಾನು ಸಿಯಾಟಲ್‌ನಿಂದ. ನಮ್ಮ ಹೆಂಗಸರಿಗೆ ಮಾತ್ರ ಗೊತ್ತಿರುವ ಒಂದೆರಡು ವಿಷಯ ಇಲ್ಲಿ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲನೆಯದು ಕಾಲುಂಗುರ. ಸ್ಕೀ ಬೂಟಿನೊಳಗೆ ಎರಡನೇ ಬೆರಳು ಅಕ್ಕಪಕ್ಕದ ಬೆರಳುಗಳ ನಡುವೆ ಒತ್ತಿಕೊಂಡಿರುತ್ತದೆ. ಉಂಗುರ ಇದ್ದರೆ ಎರಡು ಗಂಟೆಯೊಳಗೆ ಪಕ್ಕದ ಬೆರಳಿನ ಚರ್ಮ ಕಿತ್ತು ಬರುತ್ತದೆ. ಅದಕ್ಕಿಂತ ಮುಖ್ಯ, ಚಳಿಯಲ್ಲಿ ಲೋಹ ತಣ್ಣಗಾಗುತ್ತದೆ, ಬೆರಳು ಊದಿದರೆ ರಕ್ತ ಓಡುವುದಿಲ್ಲ. ತೆಗೆಯುವುದು ಅತ್ತೆಗೆ ಇಷ್ಟವಾಗಲ್ಲ, ಮನಸ್ಸಿಗೂ ಒಂಥರಾ ಅನ್ನುವವರು ಇದ್ದಾರೆ. ನನ್ನ ಪರಿಚಯದ ಒಬ್ಬರು ಉಂಗುರಗಳನ್ನು ದಾರಕ್ಕೆ ಪೋಣಿಸಿ ಜಾಕೆಟ್‌ನ ಒಳಜೇಬಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಬೂಟ್ ಕೊಳ್ಳಲು ಹೋಗುವಾಗಲೂ ತೆಗೆದೇ ಹೋಗಿ, ಇಲ್ಲದಿದ್ದರೆ ಫಿಟ್ಟರ್‌ಗೆ ಅಗಲದ ಅಳತೆ ತಪ್ಪುತ್ತದೆ. ಕಾಲ್ಗೆಜ್ಜೆಗೂ ಇದೇ ಮಾತು. ಅದು ಕೂರುವ ಜಾಗದಲ್ಲೇ ಬೂಟ್ ಅತಿ ಬಿಗಿಯಾಗಿ ಹಿಡಿಯೋದು.

ಎರಡನೆಯದು ಪಾದದ ಆಕಾರ. ಚಿಕ್ಕಂದಿನಿಂದ ಬರಿಗಾಲು, ಚಪ್ಪಲಿಯಲ್ಲೇ ಬೆಳೆದ ನಮ್ಮಲ್ಲಿ ತುಂಬಾ ಜನರಿಗೆ ಬೆರಳುಗಳ ಹತ್ತಿರ ಪಾದ ಅಗಲ, ಹಿಮ್ಮಡಿ ಸಣ್ಣ. ಅಂಗಡಿಯವರು ಮುಂದಿನ ಅಗಲ ನೋಡಿ ಅತಿ ಅಗಲದ ಬೂಟ್ ಕೊಡುತ್ತಾರೆ. ಆಗ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತದೆ. ಹಿಮ್ಮಡಿ ಎದ್ದರೆ ನಾವು ಬಕಲ್ ಇನ್ನೂ ಬಿಗಿ ಮಾಡುತ್ತೇವೆ. ಬಿಗಿ ಮಾಡಿದರೆ ಪಾದದ ಮೇಲ್ಭಾಗದ ರಕ್ತನಾಳ ಅದುಮಿ ಬೆರಳುಗಳಿಗೆ ಜೋಮು ಹಿಡಿಯುತ್ತದೆ. ಬೂಟ್ ಬಿಗಿ, ಅದಕ್ಕೇ ಜೋಮು ಅಂದುಕೊಂಡು ಮುಂದಿನ ಸಲ ಇನ್ನೂ ದೊಡ್ಡದು ತಗೋತೇವೆ. ನಿಜವಾದ ಕಾರಣ ಬೂಟ್ ದೊಡ್ಡದಾಗಿದ್ದದ್ದೇ. ಹಿಮ್ಮಡಿಯನ್ನು ಹಿಡಿಯುವ ಬೂಟ್ ಆರಿಸಿ, ಮುಂದೆ ಒತ್ತುವ ಜಾಗವನ್ನು ಫಿಟ್ಟರ್ ಬಿಸಿ ಮಾಡಿ ಹಿಗ್ಗಿಸಿ ಕೊಡುತ್ತಾರೆ. ಪ್ಲಾಸ್ಟಿಕ್ ಹಿಗ್ಗಿಸಬಹುದು, ಕುಗ್ಗಿಸಲು ಆಗಲ್ಲ.

ಸಾಕ್ಸ್ ಒಂದೇ, ತೆಳ್ಳಗೆ, ಉಣ್ಣೆಯದು, ಮೊಣಕಾಲಿನವರೆಗೆ. ಚಳಿ ಅಂತ ಎರಡು ಹಾಕುವ ಅಭ್ಯಾಸ ಬಿಡಬೇಕು. ಹತ್ತಿಯದು ಬೆವರು ಹೀರಿ ಒದ್ದೆಯಾಗೇ ಇರುತ್ತದೆ. ಒಳಗೆ ಹಾಕುವ ಥರ್ಮಲ್ ಪ್ಯಾಂಟಿನ ಅಂಚನ್ನು ಬೂಟಿನೊಳಗೆ ತುರುಕಬೇಡಿ. ಆ ಒಂದು ಮಡಿಕೆ ಸಾಕು, ಕಣಕಾಲಿನ ಮೂಳೆ ಮೇಲೆ ಸಂಜೆ ಹೊತ್ತಿಗೆ ಕೆಂಪು ಗೆರೆ ಬಿದ್ದಿರುತ್ತದೆ.

ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಮೇಲೆ ಊರಿನ ಹುಡುಗಿಯರು ನನ್ನನ್ನೂ ಬೂಟ್ ಬಗ್ಗೆ ಕೇಳುತ್ತಾರೆ. ಕೇಳಿದಾಗ ತುಂಬಾ ಹೆಮ್ಮೆ ಆಗುತ್ತದೆ. ಭವಾನಿ ಅವರದು ಕ್ರಾಸ್‌ಕಂಟ್ರಿ ಸ್ಕೀಯಿಂಗ್. ಆ ಬೂಟ್ ಮೆತ್ತಗಿನ ಹಗುರ ಶೂ, ಹಿಮ್ಮಡಿ ಎತ್ತಲು ಬಿಡುತ್ತದೆ. ಇಲ್ಲಿ ನಾವು ಮಾತಾಡುತ್ತಿರುವುದು ಇಳಿಜಾರಿನ ಆಲ್ಪೈನ್ ಬೂಟ್. ಆನ್‌ಲೈನ್‌ನಲ್ಲಿ ಹುಡುಕುವಾಗ ಎರಡನ್ನೂ ಬೆರೆಸಬೇಡಿ.

ಫ್ರೀಮಾಂಟ್‌ಗೌರಿ

ಎಷ್ಟು ವಿವರವಾಗಿ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಮ್ಯೂನಿಕ್‌ಮಾವ, ಹಳೇ ಬೂಟ್ ಇವತ್ತೇ ಮನೆಯಿಂದ ಹೊರಗೆ ಹೋಯಿತು.

ನಿನ್ನೆ ಸಂಜೆ ಗೋಡೆಗೆ ಕಾಲಿಟ್ಟು ಮಗಳ ಕೈಯಲ್ಲಿ ಗುರುತು ಹಾಕಿಸಿದೆ. ಎಡಗಾಲು 23.8, ಬಲಗಾಲು 23.6. ಅಮೆರಿಕದ 8 ಶೂ ಹಾಕುವವಳ ಪಾದ 24 ಕೂಡ ಇಲ್ಲ! ಆ ಅಂಗಡಿಯಲ್ಲಿ ಯಾರೂ ಕಾಲು ಅಳೆಯಲೇ ಇಲ್ಲವಲ್ಲ ಅಂತ ಬೇಜಾರಾಯಿತು. ಈಗ 23.5 ನೋಡಬೇಕಾ, 24.5 ನೋಡಬೇಕಾ? ಕಾಸ್ಕೇಡ್ ಅವರು ಹೇಳಿದ ಹಾಗೇ ನನಗೂ ಮುಂದೆ ಅಗಲ, ಹಿಮ್ಮಡಿ ಸಣ್ಣ. ಫ್ಲೆಕ್ಸ್ ಬಗ್ಗೆಯೂ ಹೇಳಿ. ಎತ್ತರ 5 ಅಡಿ 3 ಇಂಚು, ತೂಕ 64 ಕೆಜಿ.

ಟ್ರಕೀಬೂಟು

24.5ರ ಚಿಪ್ಪಿನಿಂದ ಶುರು ಮಾಡಿ. ಎರಡು ಬೆರಳಿಗಿಂತ ಜಾಸ್ತಿ ಜಾಗ ಬಂದರೆ 23.5 ಕೇಳಿ. ಕಾಗದದ ಮೇಲಿನ ನಂಬರ್‌ಗಿಂತ ಚಿಪ್ಪಿನೊಳಗಿನ ಬೆರಳು ಹೇಳುವುದೇ ಕೊನೆ ಮಾತು.

ಅಗಲಕ್ಕೆ ಲಾಸ್ಟ್ ಅನ್ನುತ್ತಾರೆ. 97, 98 ಮಿಲಿಮೀಟರ್ ಅಂದರೆ ಕಿರಿದು, 100 ಮಧ್ಯಮ, 102ರಿಂದ ಮೇಲೆ ಅಗಲ. ಒಂದೇ ಮಾಡೆಲ್ಲನ್ನು ಮೂರು ಅಗಲಗಳಲ್ಲಿ ಮಾಡುವ ಕಂಪನಿಗಳೂ ಇವೆ. ಅಟಾಮಿಕ್‌ನ ಹಾಕ್ಸ್ ಅಲ್ಟ್ರಾ 98, ಪ್ರೈಮ್ 100, ಮ್ಯಾಗ್ನಾ 102. ಆದರೆ ಈ ಅಳತೆಯನ್ನು ಸಾಮಾನ್ಯವಾಗಿ 26.5 ಸೈಜಿನ ಬೂಟಿನಲ್ಲಿ ತೆಗೆದಿರುತ್ತಾರೆ. ಒಂದು ಸೈಜ್ ಇಳಿದರೆ ಅಗಲವೂ ಸುಮಾರು 2 ಮಿಲಿಮೀಟರ್ ಇಳಿಯುತ್ತದೆ. ಹಾಗಾಗಿ ಮನೆಯಲ್ಲಿ ಪಾದದ ಅಗಲ ಅಳೆದು 96 ಬಂತು, 98ರ ಬೂಟ್ ಸಾಕು ಅಂತ ಲೆಕ್ಕ ಹಾಕಬೇಡಿ. ನಿಮಗೆ 100ರವುಗಳನ್ನು ಮೊದಲು ಹಾಕಿ ನೋಡಿ ಅಂತ ಹೇಳುತ್ತೇನೆ. ಹಿಮ್ಮಡಿಯನ್ನು ಯಾವುದು ಹಿಡಿಯುತ್ತದೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ.

ಫ್ಲೆಕ್ಸ್ ಅಂದರೆ ಬೂಟ್ ಮುಂದಕ್ಕೆ ಬಗ್ಗಲು ಎಷ್ಟು ಬಲ ಬೇಕು ಅನ್ನೋದು. ಹೆಂಗಸರ ಬೂಟ್‌ಗಳು ಸುಮಾರು 60ರಿಂದ 115ರವರೆಗೆ ಇರುತ್ತವೆ. ಇದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಒಂದು ಕಂಪನಿಯ 85 ಇನ್ನೊಂದರ 95ರಷ್ಟು ಗಟ್ಟಿ ಇರಬಹುದು. ಮತ್ತೆ ಶುರು ಮಾಡುವವರಿಗೆ ಅಂಗಡಿಯವರು 65, 70 ಕೊಡಲು ನೋಡುತ್ತಾರೆ. ನಿಮಗೆ ಅದು ಸಾಲದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ನೀವು ಕಪ್ಪು ಇಳಿಜಾರು ಇಳಿದವರು. ಮೊದಲ ಒಂದೆರಡು ದಿನದಲ್ಲೇ ಮೈಗೆ ಎಲ್ಲಾ ನೆನಪಾಗುತ್ತದೆ. ಅದರ ಮೇಲೆ ಟಾಹೋದ ಒದ್ದೆ, ಭಾರದ ಹಿಮ. ಸಿಯೆರಾ ಸಿಮೆಂಟ್ ಅಂತ ಸುಮ್ನೆ ಕರೆಯುವುದಿಲ್ಲ. ಅದರಲ್ಲಿ ಮೆತ್ತನೆ ಬೂಟ್ ಕುಸಿದುಹೋಗುತ್ತದೆ, ಆಧಾರ ಸಿಗದೆ ನೀವು ಹಿಂದಕ್ಕೆ ವಾಲುತ್ತೀರಿ. 85ರಿಂದ 95ರ ನಡುವೆ ನೋಡಿ. ಅಂಗಡಿಯ ಬೆಚ್ಚನೆ ಹವೆಯಲ್ಲಿ ಪ್ಲಾಸ್ಟಿಕ್ ಮೆತ್ತಗಿರುತ್ತದೆ, ಹಿಮದಲ್ಲಿ ಗಟ್ಟಿಯಾಗುತ್ತದೆ ಅನ್ನುವುದೂ ನೆನಪಿರಲಿ.

ಎತ್ತರದವಳು

ಒಂದು ಮಾತಿಗೆ ನನ್ನ ತಕರಾರು ಇದೆ. ಎಲ್ಲರೂ ಹೆಂಗಸರ ಬೂಟ್ ಅಂತಲೇ ಮಾತಾಡುತ್ತಿದ್ದೀರಿ. ನನ್ನ ಪಾದ 27, ಎತ್ತರ 5 ಅಡಿ 10. ಗಂಡಸರ ಬೂಟೇ ನನಗೆ ಸರಿಯಾಗಿ ಕೂರುತ್ತದೆ. ಹೆಂಗಸರ ಬೂಟಿನ ಮೇಲ್ಭಾಗ ಗಿಡ್ಡ, ನನ್ನ ಉದ್ದ ಕಾಲಿಗೆ ಅದರಲ್ಲಿ ಹತೋಟಿ ಸಿಗುವುದಿಲ್ಲ. ಲೇಬಲ್ ನೋಡಿ ಯಾಕೆ ಕೊಳ್ಳಬೇಕು?

ಇನ್ನೊಂದು, ಗೌರಿ ಅವರು ಈ ಸೀಸನ್ ಬಾಡಿಗೆ ತಗೊಂಡು ನೋಡಬಾರದಾ? ಮತ್ತೆ ಇಷ್ಟವಾಗುತ್ತೋ ಇಲ್ಲವೋ ತಿಳಿಯುವ ಮೊದಲೇ 500, 600 ಡಾಲರ್ ಹಾಕೋದು ಜಾಸ್ತಿ ಅಲ್ವಾ?

ಪಾದಪಾಲಕಿ

ಎತ್ತರದವಳು, ಲೇಬಲ್ ವಿಷಯದಲ್ಲಿ ನೀವು ಹೇಳಿದ್ದು ನಿಮ್ಮ ಕಾಲಿಗೆ ಸರಿ. ಹೆಂಗಸರ ಬೂಟಿನ ಮೇಲ್ಭಾಗವನ್ನು ಗಿಡ್ಡ ಮಾಡಿರುವುದಕ್ಕೆ ಕಾರಣ ಮೀನಖಂಡ. ಸಾಮಾನ್ಯವಾಗಿ ಹೆಂಗಸರಲ್ಲಿ ಅದು ಕೆಳಗಿನವರೆಗೂ ಇಳಿದಿರುತ್ತದೆ. ಗಂಡಸರ ಬೂಟಿನ ಎತ್ತರದ ಕಫ್ (ಮೇಲ್ಭಾಗ) ಅದರ ನಡುಮಧ್ಯೆ ಕೊರೆಯುತ್ತದೆ, ಬಕಲ್ ಹಾಕಲೂ ಆಗುವುದಿಲ್ಲ. ನಿಮಗೆ ಉದ್ದ ಕಾಲು, ಮೀನಖಂಡ ಮೇಲಿದೆ, ಗಂಡಸರದೇ ಒಳ್ಳೆಯದು. 5 ಅಡಿ 3 ಇಂಚಿನ ಗೌರಿ ಅವರಿಗೆ ಅದು ಕಷ್ಟ.

ಬಾಡಿಗೆ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಸ್ಕೀ, ಕೋಲು ಎಲ್ಲಾ ಬಾಡಿಗೆಗೆ ತಗೊಳ್ಳಲಿ, ಪರವಾಗಿಲ್ಲ. ಬೂಟ್ ಮಾತ್ರ ಸ್ವಂತದ್ದು ಇರಲಿ. ಎಷ್ಟೋ ಹೆಂಗಸರು "ನನಗೆ ವಯಸ್ಸಾಯಿತು, ಕಾಲಲ್ಲಿ ಶಕ್ತಿ ಇಲ್ಲ" ಅಂತ ಸ್ಕೀಯನ್ನು ಎರಡನೇ ಸಲ ಬಿಟ್ಟುಬಿಡುತ್ತಾರೆ. ಅವರ ಕಾಲಲ್ಲಿ ಶಕ್ತಿ ಇತ್ತು. ಬೂಟಿನೊಳಗೆ ಪಾದ ಜಾರುತ್ತಿತ್ತು, ಅದನ್ನು ಹಿಡಿದಿಡಲು ಬೆರಳು ಮಡಚಿ ಮಡಚಿ ಸೋತಿದ್ದರು. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಎತ್ತರದವಳು

ಆ ಬೆರಳು ಮಡಚುವ ಮಾತು ಒಪ್ಪಿದೆ. ಆದರೂ ದುಡ್ಡಿನ ಮಾತು ಬಿಡಲಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಅಂಗಡಿಗಳು ಆ ವರ್ಷದ ಬೂಟ್‌ಗಳನ್ನು ಇಳಿಸಿ ಮಾರುತ್ತವೆ. ಕಾಯಲು ಆಗುವವರು ಆಗ ಕೊಳ್ಳಿ. ಬಣ್ಣ ಬಿಟ್ಟರೆ ಮುಂದಿನ ವರ್ಷದ್ದರಲ್ಲಿ ಎಷ್ಟೋ ಸಲ ಬೇರೇನೂ ಬದಲಾಗಿರುವುದಿಲ್ಲ.

ಫ್ರೀಮಾಂಟ್‌ಗೌರಿ

ಬೂಟ್ ಬಂತು! ಟಾಹೋ ಹತ್ತಿರ ಫಿಟ್ಟಿಂಗ್‌ಗೇ ಹೆಸರಾದ ಒಂದು ಅಂಗಡಿಗೆ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋದೆ. ಹೇಗೆ ನಡೆಯಿತು ಅಂತ ಬರೆಯುತ್ತೇನೆ, ನನ್ನಂಥವರಿಗೆ ಉಪಯೋಗ ಆಗಲಿ.

ಫಿಟ್ಟರ್ ಒಬ್ಬರು ಹೆಂಗಸು. ಬೂಟ್ ತರುವ ಮೊದಲು ಸುಮಾರು ಹೊತ್ತು ಬರೀ ಕಾಲನ್ನೇ ನೋಡಿದರು. ಕೂರಿಸಿ ಅಳೆದರು, ನಿಲ್ಲಿಸಿ ಅಳೆದರು. ನಿಂತಾಗ ಪಾದ ಎಷ್ಟು ಉದ್ದವಾಗುತ್ತೆ ಅಂತ ತೋರಿಸಿದರು. ಪಾದಪಾಲಕಿ ಹೇಳಿದ ಕಮಾನು ಅದೇ. ಮೀನಖಂಡದ ಸುತ್ತಳತೆ ತಗೊಂಡರು. ಕಾಲ್ಗಂಟು ಬಾಗಿಸಿ ನೋಡಿದರು. ಹಿಂದೆ ಯಾವಾಗಾದರೂ ಮೂಳೆ ಮುರಿದಿತ್ತಾ, ಎಲ್ಲಿ ಸ್ಕೀ ಮಾಡುತ್ತೀರಿ, ಯಾರ ಜೊತೆ ಅಂತ ಕೇಳಿದರು.

ಖಾಲಿ ಚಿಪ್ಪಿನ ಪರೀಕ್ಷೆ ನಾನು ಕೇಳುವ ಮೊದಲೇ ಮಾಡಿದರು. 24.5ರಲ್ಲಿ ಎರಡು ಬೆರಳು ಸರಿಯಾಗಿ ಹಿಡಿಯಿತು, ಅದರಲ್ಲೇ ನಿಂತರು. ನಾರ್ಡಿಕಾ ಸ್ಪೀಡ್‌ಮಷೀನ್, ಅಟಾಮಿಕ್ ಹಾಕ್ಸ್ ಪ್ರೈಮ್, ಟೆಕ್ನಿಕಾ ಮಾಕ್1 ಎಂವಿ, ಮೂರೂ 100 ಅಗಲದವು. ಎಡಗಾಲಿಗೊಂದು ಬಲಗಾಲಿಗೊಂದು ಬೇರೆ ಬೇರೆ ಹಾಕಿಸಿ ಹೋಲಿಸಿ ನೋಡಲು ಹೇಳಿದರು. ಇದು ಬಹಳ ಒಳ್ಳೇ ಉಪಾಯ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಟೆಕ್ನಿಕಾದಲ್ಲಿ ನನ್ನ ಹಿಮ್ಮಡಿ ಅಲ್ಲಾಡಲಿಲ್ಲ. ಫ್ಲೆಕ್ಸ್ 95. ಹಾಕಿಕೊಂಡು ಅರ್ಧ ಗಂಟೆ ಅಂಗಡಿಯಲ್ಲೇ ಓಡಾಡಿಸಿದರು. ಹದಿನೈದು ನಿಮಿಷಕ್ಕೆ ಎಡಗಾಲಿನ ಕಿರುಬೆರಳಿನ ಬುಡದಲ್ಲಿರುವ ಮೂಳೆ ಒತ್ತಿತು. ಅಲ್ಲಿ ಲಿಪ್‌ಸ್ಟಿಕ್‌ನಿಂದ ಸಾಕ್ಸ್ ಮೇಲೆ ಚುಕ್ಕೆ ಇಟ್ಟು, ಕಾಲು ಚಿಪ್ಪಿನೊಳಗೆ ಇಡಿಸಿ ತೆಗೆಸಿದರು. ಪ್ಲಾಸ್ಟಿಕ್ ಮೇಲೆ ಸರಿಯಾಗಿ ಆ ಜಾಗದಲ್ಲಿ ಗುರುತು ಬಿತ್ತು. ಅಲ್ಲಿ ಬಿಸಿ ಮಾಡಿ ಯಂತ್ರದಲ್ಲಿ ಒತ್ತಿ ಉಬ್ಬಿಸಿದರು. ಅಂಗಾಲಿನ ಅಚ್ಚು ತೆಗೆದು ಇನ್‌ಸೋಲ್ ಮಾಡಿಕೊಟ್ಟರು.

ಬಕಲ್ ಹಾಕುವ ಕ್ರಮವನ್ನೂ ಕಲಿಸಿದರು. ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಬೇಕು. ಮೇಲಿನ ಎರಡು ಬಕಲ್ ಹಗುರಾಗಿ ಹಾಕಿ, ಮುಂದಕ್ಕೆ ಒಂದೆರಡು ಸಲ ಬಗ್ಗಬೇಕು. ಆಮೇಲೆ ಪಾದದ ಮೇಲಿನದು. ಬೆರಳಿನ ಹತ್ತಿರದ್ದು ಸುಮ್ಮನೆ ಮುಚ್ಚಿಕೊಳ್ಳುವಷ್ಟು ಸಾಕು. ಕೊನೆಗೆ ಮೇಲಿನವನ್ನು ಇನ್ನೊಂದು ಹಲ್ಲು ಬಿಗಿ ಮಾಡಿ ಪಟ್ಟಿ ಎಳೆಯಬೇಕು. ನಾನು ಮೊದಲಿನಿಂದ ಕೆಳಗಿನದರಿಂದ ಶುರು ಮಾಡುತ್ತಿದ್ದೆ.

ಟಾಹೋದ ನಾರ್ತ್‌ಸ್ಟಾರ್‌ನಲ್ಲಿ ಮಗಳ ಜೊತೆ ಇಳಿದೆ. ಸ್ಕೀ ತಿರುಗಬೇಕು ಅಂದುಕೊಂಡ ತಕ್ಷಣ ತಿರುಗುತ್ತದೆ! ಮಧ್ಯಾಹ್ನ ಊಟಕ್ಕೆ ಬಕಲ್ ಬಿಚ್ಚಿದೆ ಅಷ್ಟೇ, ಬೂಟ್ ಕಳಚಬೇಕು ಅನ್ನಿಸಲೇ ಇಲ್ಲ. ನಿಮ್ಮೆಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ.

ಒಂದು ಸಂದೇಹ ಉಳಿದಿದೆ. ಈ ಸಲ ಸ್ಕೀ ಬಾಡಿಗೆಯದ್ದು. ನಾದಿನಿ ತನ್ನ ಸ್ಕೀ ಕೊಡುತ್ತೇನೆ ಅಂದಿದ್ದಾಳೆ, ಬೈಂಡಿಂಗ್ ಸಮೇತ. ನೇರವಾಗಿ ಹಾಕಿಕೊಳ್ಳಬಹುದಾ?

ಮ್ಯೂನಿಕ್‌ಮಾವ

ಓದಿ ತುಂಬಾ ಸಂತೋಷವಾಯಿತು ಗೌರಿ. ಆದರೆ ಸ್ಕೀಯನ್ನು ನೇರವಾಗಿ ಹಾಕಿಕೊಳ್ಳಬೇಡಿ. ಎರಡು ವಿಷಯ ಇದೆ.

ನಿಮ್ಮ ಬೂಟಿನ ಅಡಿಭಾಗ ನೋಡಿ. ಈಗಿನ ಹೆಚ್ಚಿನ ಬೂಟ್‌ಗಳಲ್ಲಿ ಗ್ರಿಪ್‌ವಾಕ್ ಅಂತ ಬರೆದಿರುತ್ತದೆ. ನಡೆಯಲು ಅನುಕೂಲ ಆಗಲಿ ಅಂತ ರಬ್ಬರ್ ಹಾಕಿ ಸ್ವಲ್ಪ ಬಾಗಿಸಿದ ಅಡಿ ಅದು. ಹಳೇ ಬೈಂಡಿಂಗ್‌ಗಳು ಚಪ್ಪಟೆ ಅಡಿಯ ಐಎಸ್‌ಒ 5355 ಅನ್ನೋ ಮಾನದಂಡದ ಬೂಟಿಗೆ ಮಾಡಿದವು. ಬಲವಂತವಾಗಿ ಹಾಕಿದರೆ ಕ್ಲಿಕ್ ಅನ್ನಬಹುದು, ಆದರೆ ಬಿದ್ದಾಗ ಬಿಡಬೇಕಾದ ಹೊತ್ತಿಗೆ ಬಿಡುವುದಿಲ್ಲ. ನಾದಿನಿಯ ಬೈಂಡಿಂಗ್ ಮೇಲೆ ಗ್ರಿಪ್‌ವಾಕ್ ಗುರುತು ಇದೆಯಾ ಅಂತ ಮೊದಲು ನೋಡಿ.

ಇದ್ದರೂ ಅಂಗಡಿಗೆ ಒಯ್ಯಲೇಬೇಕು. ಬೈಂಡಿಂಗ್ ಎಷ್ಟು ಬಲಕ್ಕೆ ಬಿಡಬೇಕು ಅನ್ನುವ ಡಿನ್ ನಂಬರ್ ನಿಮ್ಮ ತೂಕ, ಎತ್ತರ, ವಯಸ್ಸು, ಸ್ಕೀ ಮಾಡುವ ರೀತಿ ಮತ್ತು ಬೂಟಿನ ಅಡಿಯ ಉದ್ದ ಇಷ್ಟರ ಮೇಲೆ ನಿಂತಿದೆ. ಆ ಉದ್ದ ಹಿಮ್ಮಡಿಯ ಪಕ್ಕದಲ್ಲಿ ಮಿಲಿಮೀಟರ್‌ನಲ್ಲಿ ಅಚ್ಚಾಗಿರುತ್ತದೆ. ನಾದಿನಿಯ ನಂಬರ್ ನಿಮ್ಮದಲ್ಲ. ಮತ್ತೆ, ತೂಕ ಕೇಳಿದಾಗ ಕಡಿಮೆ ಹೇಳಬೇಡಿ, ಸ್ಕೀ ಮಟ್ಟ ಕೇಳಿದಾಗ ಜಾಸ್ತಿ ಹೇಳಬೇಡಿ. ಬೈಂಡಿಂಗ್ ಮುಖ್ಯವಾಗಿ ಕಣಕಾಲಿನ ಮೂಳೆ ಮುರಿಯದಂತೆ ಕಾಯಲು ಇರುವುದು. ಮೊಣಕಾಲಿನ ಒಳಗಿನ ಎಸಿಎಲ್ ಪಟ್ಟಿಗೆ ಅದು ಪೂರ್ತಿ ರಕ್ಷಣೆ ಕೊಡುವುದಿಲ್ಲ. ಆ ಪೆಟ್ಟು ಹೆಂಗಸರಿಗೇ ಜಾಸ್ತಿ ಆಗುತ್ತದೆ. ಹಾಗಾಗಿ ಸೆಟ್ಟಿಂಗ್ ಸರಿ ಇರಲಿ, ತೊಡೆಯ ಹಿಂದಿನ ಸ್ನಾಯುಗಳಿಗೂ ಸ್ವಲ್ಪ ವ್ಯಾಯಾಮ ಮಾಡಿ.

ಜಯನಗರದವಳು

ನಾನೂ ಗೋಡೆಗೆ ಕಾಲಿಟ್ಟು ಅಳೆದೆ, 24.1. ಗುಲ್ಮಾರ್ಗ್‌ನಲ್ಲಿ 24.5ರ ಚಿಪ್ಪು ಕೇಳುತ್ತೇನೆ, ಮೂರು ಬೆರಳು ಹೋದರೆ ವಾಪಸ್ ಕೊಡುತ್ತೇನೆ. ಒಂದೇ ಪ್ರಶ್ನೆ, ರಾತ್ರಿ ರೂಮಿನಲ್ಲಿ ಬೂಟ್ ಒಣಗಿಸುವುದು ಹೇಗೆ? ಬುಖಾರಿ (ರೂಮ್ ಬೆಚ್ಚಗಿಡುವ ಒಲೆ) ಪಕ್ಕದಲ್ಲಿ ಇಡಬಹುದಾ?

ಕಾಸ್ಕೇಡ್‌ಕೊಡವತಿ

ಬುಖಾರಿಗೆ ಅಂಟಿಸಿ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಲೈನರ್‌ನ ಫೋಮ್ ಕುಗ್ಗುತ್ತದೆ. ಲೈನರ್ ಹೊರಗೆ ಎಳೆದು, ಒಳಗಿನ ಇನ್‌ಸೋಲ್ ಕೂಡ ತೆಗೆದು, ಒಲೆಯಿಂದ ದೂರದಲ್ಲಿ ಕುರ್ಚಿ ಮೇಲೆ ನಿಲ್ಲಿಸಿ. ಒಳಗೆ ಹಳೇ ಪೇಪರ್ ತುರುಕಿ, ಮಲಗುವ ಮೊದಲು ಒಂದು ಸಲ ಬದಲಾಯಿಸಿ. ಬೆಳಗ್ಗೆ ಲೈನರ್ ವಾಪಸ್ ಹಾಕುವಾಗ ನಾಲಿಗೆ ಎಲ್ಲೂ ಮಡಿಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಬೂಟ್‌ಗಳನ್ನು ಚಳಿಯ ವರಾಂಡದಲ್ಲೋ ಕಾರಿನ ಡಿಕ್ಕಿಯಲ್ಲೋ ಬಿಡಬೇಡಿ. ತಣ್ಣಗಾದ ಚಿಪ್ಪು ಬಾಯಿ ತೆರೆಯುವುದೇ ಇಲ್ಲ, ಹಾಕಿಕೊಳ್ಳುವಷ್ಟರಲ್ಲೇ ಸಾಕಾಗುತ್ತದೆ. ರೂಮಿನಲ್ಲೇ ಹಾಕಿಕೊಂಡು ಹೊರಡಿ.